ಕೃಷ್ಣೆಯ ಗಡ್ಡಿಗಳಲ್ಲಿ ನದಿಯ ಲೆಕ್ಕ ಬದಲಾದ ಬಗೆ

ಕಡಲಿಂದ ನೂರಾರು ಕಿಲೋಮೀಟರ್ ದೂರದ ಯಾದಗಿರಿ ಜಿಲ್ಲೆಯಲ್ಲೂ ದ್ವೀಪವಾಸಿಗಳಿದ್ದಾರೆ. ನಾರಾಯಣಪುರದ ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಕವಲೊಡೆದು ಹರಿಯುತ್ತಾಳೆ. ಆ ಕವಲುಗಳ ಮಧ್ಯೆ ಉಳಿದ ನೆಲಕ್ಕೆ ಇಲ್ಲಿನವರು ಗಡ್ಡಿ ಎನ್ನುತ್ತಾರೆ. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಅಂಥದ್ದೊಂದು ಊರು.

ಇಂಥ ಕಡೆ ಜನ ಏಕೆ ನೆಲೆನಿಂತರು ಎಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ. ಬಂಡೆಗೆ ತಡೆದು ನಿಧಾನಗೊಂಡ ನೀರು ತಾನು ಹೊತ್ತು ತಂದ ಮೆಕ್ಕಲನ್ನು ಅಲ್ಲಿಯೇ ಇಳಿಸುತ್ತದೆ, ಗಿಡಗಂಟಿಗಳ ಬೇರು ಅದನ್ನು ಹಿಡಿದಿಡುತ್ತದೆ, ಸುತ್ತಲಿನ ಬಯಲು ಮಳೆಗಾಗಿ ಬಾಯಿ ತೆರೆದು ಕೂತಿದ್ದಾಗಲೂ ಗಡ್ಡಿಯ ಹೊಲದ ಮಗ್ಗುಲಲ್ಲಿ ನೀರಿರುತ್ತದೆ. ಅದಕ್ಕೆ ಪ್ರತಿಯಾಗಿ ಜನ ನದಿಯನ್ನು ದಾಟುವ ವಿದ್ಯೆ ಕಲಿತರು: ಬಿದಿರಿನ ತೆಪ್ಪ, ಅದೂ ಇಲ್ಲದಾಗ ಮೈಗೆ ಕಟ್ಟಿಕೊಂಡ ಒಣಗಿದ ಸೋರೆ ಬುರುಡೆ. ಎದುರಿನ ಲಿಂಗಸುಗೂರು ತಾಲ್ಲೂಕಿನ ಜಲದುರ್ಗದಲ್ಲಿ ಇದೇ ನದಿಯ ಕವಲುಗಳ ನಡುವೆ ಕೋಟೆಯೇ ಎದ್ದಿತ್ತು. ಆಳುವವರಿಗೂ ಗಡ್ಡಿ ಬೇಕಾಗಿತ್ತು, ಕಾರಣ ಮಾತ್ರ ಬೇರೆ.

ಈ ಹೊಂದಾಣಿಕೆ ನದಿಯ ಹಳೆಯ ಲೆಕ್ಕವನ್ನು ನಂಬಿತ್ತು. ಅಣೆಕಟ್ಟೆಗಳು ಬಂದು ಆ ಲೆಕ್ಕ ಬದಲಾಯಿತು. ಕೃಷ್ಣೆಯ ನೀರನ್ನು ಹೊಲಗಳಿಗೆ ಹರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಆಲಮಟ್ಟಿಗಿಂತ ಮೊದಲೇ ಸಿದ್ಧವಾದ ನಾರಾಯಣಪುರದ ಬಸವಸಾಗರ ಜಲಾಶಯದಿಂದ 1982ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರ, ಜೇವರ್ಗಿ ಕಡೆಯ ಜೋಳದ ಬಯಲಿಗೆ ಭತ್ತ ಬಂತು. ಅಣೆಕಟ್ಟೆಯ ಕೆಳಗಿನ ಗಡ್ಡಿಗೆ ಬಂದದ್ದು ಗೇಟಿನ ಆಳ್ವಿಕೆ. ನದಿ ಮೊದಲೂ ಉಕ್ಕುತ್ತಿತ್ತು, ನಿಜ. ಆದರೆ ಈಗ ಅದು ಏರುವುದೂ ಇಳಿಯುವುದೂ ಜಲಾಶಯದ ಒಳಹರಿವು ಹೊರಹರಿವಿನ ತೀರ್ಮಾನಕ್ಕೆ ಒಳಪಟ್ಟಿದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಊರು ಸುತ್ತುವರಿಯಲ್ಪಡುತ್ತದೆ. ಮೆಕ್ಕಲಿನ ಒಂದು ಪಾಲೂ ಮೇಲೆ ಜಲಾಶಯದ ತಳದಲ್ಲೇ ಕೂರುತ್ತದೆ. ಹೀಗಾಗಿ ಗಡ್ಡಿಯ ಕಷ್ಟವನ್ನು ಬರೀ ಪ್ರಕೃತಿಯ ಮುನಿಸು ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

2014ರ ಜುಲೈ ಕೊನೆಯಲ್ಲಿ ನೀಲಕಂಠರಾಯನಗಡ್ಡಿಯ ತುಂಬುಗರ್ಭಿಣಿಯೊಬ್ಬರು ಹೆರಿಗೆಯ ಚಿಂತೆಯಿಂದ, ಸೋರೆ ಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ಕಾವಲಿನಲ್ಲಿ ತುಂಬಿದ ಹೊಳೆಯನ್ನು ಈಜಿ ದಡ ಸೇರಿದರು. ದೇಶವೆಲ್ಲ ಅವರ ಧೈರ್ಯವನ್ನು ಹೊಗಳಿತು. ಬುರುಡೆ ಕಟ್ಟಿ ಈಜುವುದು ಅಲ್ಲಿ ಸಾಹಸವಲ್ಲ, ರೂಢಿ ಎಂಬುದು ಆ ಹೊಗಳಿಕೆಯಲ್ಲಿ ಮುಚ್ಚಿಹೋಯಿತು. ಸೇತುವೆಯ ಬೇಡಿಕೆಗೆ ಮಾತ್ರ ಆಗ ಬಲ ಬಂತು.

ಸೇತುವೆ ಎಂದೊಡನೆ ಏಳುವ ಪ್ರಶ್ನೆ ಅದರ ಎತ್ತರದ್ದು. 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಲಾಯಿತು. ಲಿಂಗಸುಗೂರು ಕಡೆಯ ಗಡ್ಡಿಗಳಿಗೆ ದಾರಿಯಾದ ಶೀಲಹಳ್ಳಿ ಸೇತುವೆ ಇಂಥ ಹೊರಹರಿವಿನಲ್ಲಿ ಮತ್ತೆ ಮತ್ತೆ ಮುಳುಗುತ್ತದೆ, ನೀರಿಳಿಯುವವರೆಗೆ ಗಡ್ಡಿಯವರು ಸುತ್ತುದಾರಿ ಹಿಡಿಯಬೇಕು, ಇಲ್ಲವೇ ಇದ್ದಲ್ಲೇ ಇರಬೇಕು.