ಗಾಡಿ ನಿಲ್ಲಿಸಿ ಬರ್ತೀನಿ ಅಂದ ಅಪ್ಪ

ಹೊಸ ತರಗತಿ ಶುರುವಾಗುವ ವಾರ ಪೋಷಕರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಗೇಟ್ ಹತ್ರ ತುಂಬಾ ಅಳ್ತಾನೆ, ಏನ್ ಮಾಡೋದು?" ನಿಜ ಹೇಳಬೇಕೆಂದರೆ, ಅಳುವ ಮಕ್ಕಳ ಬಗ್ಗೆ ನನಗೆ ಅಷ್ಟೇನೂ ಚಿಂತೆಯಿಲ್ಲ.

ಒಮ್ಮೆ ಮೊದಲ ದಿನವೇ ತರಗತಿಯೊಂದರ ಹಿಂದೆ ಕೂತು ನೋಡುತ್ತಿದ್ದೆ. ನಾಲ್ಕು ವರ್ಷದ ಹುಡುಗನೊಬ್ಬ ಅಳಲೇ ಇಲ್ಲ. "ಎಷ್ಟು ಜಾಣ ನೋಡಿ" ಎಂದು ಟೀಚರಿಗೆ ಖುಷಿ. ಆದರೆ ಅವನು ಬೆನ್ನಿನ ಬ್ಯಾಗ್ ಇಳಿಸಿರಲಿಲ್ಲ. ಕೈಗೆ ಕೊಟ್ಟ ಆಟಿಕೆಯನ್ನು ಹಾಗೇ ಹಿಡಿದುಕೊಂಡು ಕಿಟಕಿಯತ್ತ ನೋಡುತ್ತಿದ್ದ. ಪಕ್ಕಕ್ಕೆ ಹೋಗಿ ಕೂತು ಕೇಳಿದೆ. "ಅಪ್ಪ ಗಾಡಿ ನಿಲ್ಸಿ ಬರ್ತಾರೆ" ಅಂದ. ಅಪ್ಪ ಹೋಗಿ ಆಗಲೇ ಒಂದೂವರೆ ಗಂಟೆಯಾಗಿತ್ತು.

ಮರುದಿನ ಮನೆಯಲ್ಲಿ ಸಾಕ್ಸ್ ಹಾಕುವಾಗಲೇ ಅಪ್ಪನ ಅಂಗಿ ಹಿಡಿದು ಬಿಡಲಿಲ್ಲವಂತೆ. ಅಲ್ಲಿಗೆ ಶಾಲೆಯ ಭಯದ ಜೊತೆ ಇನ್ನೊಂದು ಭಯವೂ ಸೇರಿಕೊಂಡಿತ್ತು: ಅಪ್ಪ ಹೇಳದೆ ಕೇಳದೆ ಮಾಯವಾಗಬಹುದು. ಕಣ್ಣು ತಪ್ಪಿಸಿ ಹೋದರೆ ಆ ಹೊತ್ತಿನ ಅಳು ತಪ್ಪುತ್ತದೆ, ಅಷ್ಟೇ. ಅದರ ಬದಲು ಮಗು ಕಾವಲು ಕೂರುತ್ತದೆ. ಕಾವಲು ಕೂತ ಮಗು ಆಡುವುದಿಲ್ಲ, ಕಲಿಯುವುದಿಲ್ಲ.

ಅಗಲಿಕೆಯ ಅಂಜಿಕೆ ಸಾಮಾನ್ಯವಾಗಿ ಎಂಟು-ಒಂಬತ್ತು ತಿಂಗಳಿಗೇ ತಲೆದೋರುತ್ತದೆ. ಮೂರು ವರ್ಷದ ಹೊತ್ತಿಗೆ ತಗ್ಗಿದ್ದರೂ ಹೊಸ ಜಾಗ, ಹೊಸ ಮುಖ ಕಂಡಾಗ ಮರಳಿ ಬರುತ್ತದೆ. ಇದು ಹಟವೂ ಅಲ್ಲ, ನೀವು ಮುದ್ದು ಮಾಡಿ ಕೆಡಿಸಿದ್ದರ ಫಲವೂ ಅಲ್ಲ.

ಹಾಗಾದರೆ ಹೊರಡುವುದು ಹೇಗೆ? ಹೇಳಿಯೇ ಹೊರಡಿ, ಬೇಗ ಹೊರಡಿ. ಮೂರು ಸಲ ತಿರುಗಿ ಬಂದು ಮುತ್ತು ಕೊಟ್ಟರೆ, ಅತ್ತರೆ ಅಮ್ಮ ವಾಪಸು ಬರುತ್ತಾಳೆಂದು ಮಗು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ತಪ್ಪೂ ಇಲ್ಲ. "ನಾಲ್ಕು ಗಂಟೆಗೆ ಬರ್ತೀನಿ" ಎಂದರೆ ನಾಲ್ಕು ವರ್ಷದ ಮಗುವಿಗೆ ಏನೂ ತಿಳಿಯದು. "ಊಟ ಆಗಿ, ಕಥೆ ಮುಗಿದ ಮೇಲೆ ಬರ್ತೀನಿ" ಎಂದರೆ ತಿಳಿಯುತ್ತದೆ. ಹಾಗೆ ಹೇಳಿದ ಮೇಲೆ ಕಥೆ ಮುಗಿಯುವಾಗ ನೀವು ಅಲ್ಲಿರಬೇಕು. ಆ ಹುಡುಗನ ಅಪ್ಪನೂ ಮೂರನೆಯ ದಿನದಿಂದ ಹೀಗೇ ಮಾಡಿದರು. ಹುಡುಗ ಗೇಟಿನಲ್ಲಿ ಜೋರಾಗಿ ಅತ್ತ. ಒಳಗೆ ಬಂದವನು ಬ್ಯಾಗ್ ಇಳಿಸಿದ.

ಬೆಳಿಗ್ಗೆ ಬರುವ ಹೊಟ್ಟೆನೋವನ್ನು ನಾಟಕ ಎನ್ನಬೇಡಿ. ಹೆದರಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ಏರಿ ಜೀರ್ಣಕ್ರಿಯೆ ಏರುಪೇರಾಗುತ್ತದೆ, ನೋವು ನಿಜವಾಗಿಯೂ ಇರುತ್ತದೆ. ರಜೆಯಲ್ಲಿ ಕೆಟ್ಟ ನಿದ್ದೆಯೂ ಅದಕ್ಕೆ ಕೈಜೋಡಿಸುತ್ತದೆ. 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12ರವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಮಲಗುವ ಹೊತ್ತನ್ನು ಒಂದೇ ರಾತ್ರಿಯಲ್ಲಿ ಸರಿಮಾಡಲಾಗದು, ದಿನಕ್ಕೆ ಹತ್ತು-ಹದಿನೈದು ನಿಮಿಷ ಬೇಗ ಮಲಗಿಸುತ್ತ ಬನ್ನಿ.

ಇನ್ನು ಸಂಜೆ. ಶಾಲೆಯಲ್ಲಿ ದಿನವಿಡೀ ಅಳು ತಡೆದುಕೊಂಡ ಮಗು ಮನೆಗೆ ಬಂದು ಬಿಸ್ಕತ್ತು ಮುರಿಯಿತೆಂದು ಹೊರಳಾಡಿ ಅಳಬಹುದು. ತಡೆದುಕೊಳ್ಳಬೇಕಿಲ್ಲದ ಜಾಗ ಮನೆಯೊಂದೇ, ಅದಕ್ಕೆ. "ಇವತ್ತು ಅಳಲಿಲ್ಲ ತಾನೆ?" ಎಂಬ ಪ್ರಶ್ನೆಯಂತೂ ಬೇಡವೇ ಬೇಡ. ನಾನಾದರೆ "ಯಾರ ಪಕ್ಕ ಕೂತಿದ್ದೆ?" ಎಂದು ಕೇಳುತ್ತೇನೆ. ಉತ್ತರ ಬರದಿದ್ದರೂ ಸುಮ್ಮನಿರುತ್ತೇನೆ.

ಕೆಲವು ಮಕ್ಕಳು ಮೊದಲ ವಾರ ಕುಣಿಯುತ್ತ ಹೋಗಿ ಎರಡನೆಯ ವಾರ ಅಳಲು ಶುರುಮಾಡುತ್ತಾರೆ. ಇದು ದಿನಾ ಹೋಗಬೇಕಾದ ಜಾಗ ಎಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ. ಪಾಪ, ಗಾಬರಿಯಾಗಬೇಡಿ. ಆದರೆ ಅಳು ನಾಲ್ಕು ವಾರ ದಾಟಿಯೂ ತಗ್ಗದೆ, ಮಗು ಮನೆಯಲ್ಲೂ ನಿಮ್ಮನ್ನು ಒಂದು ಕ್ಷಣ ಬಿಟ್ಟಿರದೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ಅಲ್ಲಿಗೆ ಹೊರಡುವಾಗಲೂ ಎಲ್ಲಿಗೆ ಹೋಗುತ್ತಿದ್ದೀರೆಂದು ಮಗುವಿಗೆ ಹೇಳಿಯೇ ಕರೆದುಕೊಂಡು ಹೋಗಿ.