ಹುಬ್ಬಿನ ಹಿಂದಿನ ಅಳಿವೆ

ಶಿರಸಿ ಕಡೆಯ ಹಳ್ಳಿಯೊಂದರ ಮಹಿಳೆ. ವಯಸ್ಸು ಐವತ್ತರ ಆಸುಪಾಸು. "ಡಾಕ್ಟ್ರೇ, ಅಡಿಕೆ ಸುಲಿಯಲು ಕೂತ್ರೆ ಹುಬ್ಬಿನ ಮೇಲೆ ಕಲ್ಲು ಇಟ್ಟ ಹಾಗೆ ಆಗ್ತದೆ" ಅಂದರು. ಮಾತಾಡುವಾಗ ಅವರ ಕನ್ನಡಕ ಓರೆಯಾಗಿ ಕೂತ ಹಾಗೆ ಕಾಣುತ್ತಿತ್ತು. ಕಡ್ಡಿ ಸೊಟ್ಟಾಗಿದೆ ಅಂದುಕೊಂಡು ಎರಡು ಸಲ ಅಂಗಡಿಗೆ ಹೋಗಿ ಸರಿ ಮಾಡಿಸಿದ್ದರಂತೆ. ಸೊಟ್ಟಾಗಿದ್ದು ಕಡ್ಡಿಯಲ್ಲ. ಎಡಗಣ್ಣೇ ಒಂಚೂರು ಕೆಳಗೆ ಜಾರಿತ್ತು.

ಹುಬ್ಬಿನ ಹಿಂದೆ, ಹಣೆಯ ಎಲುಬಿನೊಳಗೆ ಗಾಳಿ ತುಂಬಿದ ಗೂಡಿದೆ. ಇದು ಹಣೆಯ ಸೈನಸ್. ಹುಟ್ಟುವಾಗ ಇರುವುದಿಲ್ಲ, ಹದಿವಯಸ್ಸು ಮುಗಿಯುವವರೆಗೂ ಬೆಳೆಯುತ್ತಾ ಹೋಗುತ್ತದೆ. ಅದರ ಒಳಪೊರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅವು ಹಗಲೂ ರಾತ್ರಿ ಕಫವನ್ನು ತಳ್ಳುತ್ತಾ ಇರುತ್ತವೆ, ಅದೂ ಒಂದೇ ದಿಕ್ಕಿಗೆ, ಗೂಡಿನ ಸಹಜ ಬಾಯಿಯ ಕಡೆಗೆ. ಆ ಬಾಯಿ ಕಿರಿದು. ಅದರ ಕೆಳಗೆ ಮೂಗಿಗೆ ಇಳಿಯುವ ದಾರಿಯಂತೂ ಇನ್ನೂ ಇಕ್ಕಟ್ಟು.

ನಮ್ಮ ಕರಾವಳಿಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಅಳಿವೆಯ ಬಾಯಲ್ಲಿ ಮರಳು ಕಟ್ಟಿದರೆ ನೀರು ಹಿಂದಕ್ಕೆ ತಿರುಗಿ ಗದ್ದೆಗೆ ನುಗ್ಗುತ್ತದೆ ಅಲ್ವಾ? ಆಗ ಯಾರೂ ಗದ್ದೆಯನ್ನು ಅಗೆಯುವುದಿಲ್ಲ, ಅಳಿವೆಯನ್ನು ಬಿಡಿಸುತ್ತಾರೆ. ಹಣೆಯ ಸೈನಸ್ ಆಪರೇಷನ್ನೂ ಹೀಗೇ. ಗೂಡನ್ನು ಕೆರೆದು ಖಾಲಿ ಮಾಡುವುದಲ್ಲ, ದಾರಿ ಬಿಡಿಸುವುದು.

ಹಿಂದೆ ಹೀಗಿರಲಿಲ್ಲ. ಹುಬ್ಬಿನ ಹತ್ತಿರ ಅಥವಾ ನೆತ್ತಿಯ ಮೇಲೆ ಕೊಯ್ದು, ಎಲುಬು ತೆರೆದು, ಒಳಪೊರೆಯನ್ನೆಲ್ಲ ಕಿತ್ತು, ಹೊಟ್ಟೆಯ ಕೊಬ್ಬು ತಂದು ತುಂಬುತ್ತಿದ್ದರು. ಈಗ ಮೂಗಿನ ಹೊಳ್ಳೆಯಿಂದಲೇ ಹೋಗುತ್ತೇವೆ. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ. ನೇರ ನೋಡುವ ಕೊಳವೆಗೆ ಈ ಮೂಲೆ ಕಾಣುವುದಿಲ್ಲ. 45 ಅಥವಾ 70 ಡಿಗ್ರಿ ಓರೆಯಾಗಿ ನೋಡುವ ಎಂಡೋಸ್ಕೋಪು ಬೇಕು, ಅದಕ್ಕೆ ತಕ್ಕ ಬಾಗಿದ ಉಪಕರಣಗಳು ಬೇಕು.

ದಾರಿಯಲ್ಲಿ ಮೊದಲು ಸಿಗುವುದು ತೆಳ್ಳನೆ ಎಲುಬಿನ ಒಂದು ಗುಳ್ಳೆ. ಇದರ ಮುಚ್ಚಳ ತೆಗೆಯುವುದೇ ನಿಜವಾದ ಕೈಚಳಕ. ಎಳನೀರಿನ ತಲೆ ಕೆತ್ತುವಾಗ ಕೊನೆಯ ಒಂದು ಪದರಕ್ಕೆ ಕೈ ಹಗುರ ಮಾಡ್ತೇವಲ್ಲ, ಹಾಗೆ. ಗುಳ್ಳೆಯ ಹಿಂದಿನಿಂದ ಬಾಗಿದ ಉಪಕರಣ ತೂರಿಸಿ, ಮುಂದಕ್ಕೆ ಎಳೆದು, ಚಿಪ್ಪನ್ನು ಚೂರು ಚೂರಾಗಿ ತೆಗೆಯಬೇಕು. ಪಕ್ಕದಲ್ಲಿ ಕಾಗದದಷ್ಟು ತೆಳುವಾದ ಗೋಡೆ, ಅದರಾಚೆ ಕಣ್ಣು. ಹಿಂದೆ ಮಿದುಳಿನ ತಳ ಮತ್ತು ಒಂದು ರಕ್ತನಾಳ. ಅದಕ್ಕೇ ನಾನು ತೆಳು ಪದರಗಳ ಸಿ.ಟಿ. ಸ್ಕ್ಯಾನ್ ಇಲ್ಲದೆ, ಅದನ್ನು ಪಕ್ಕದಿಂದಲೂ ನೋಡದೆ, ಕೈ ಹಾಕುವುದಿಲ್ಲ.

ಎಷ್ಟು ಬಿಡಿಸಬೇಕು ಅನ್ನುವುದಕ್ಕೆ ಜರ್ಮನಿಯ ವೈದ್ಯ ವುಲ್ಫ್‌ಗ್ಯಾಂಗ್ ಡ್ರಾಫ್ 1991ರಲ್ಲಿ ಮೆಟ್ಟಿಲುಗಳನ್ನು ಹೇಳಿದರು. ಮೊದಲನೆಯದರಲ್ಲಿ ಸೈನಸ್‌ನ ಬಾಯನ್ನು ಮುಟ್ಟುವುದೇ ಇಲ್ಲ, ಕೆಳಗಿನ ಅಡ್ಡಿ ಮಾತ್ರ ತೆಗೆಯುತ್ತೇವೆ. ಎರಡನೆಯದರಲ್ಲಿ ಒಂದು ಬದಿಯ ಬಾಯಿ ಅಗಲ ಮಾಡುತ್ತೇವೆ. ಮೂರನೆಯದರಲ್ಲಿ ಮೂಗಿನ ನಡುಗೋಡೆಯ ಮೇಲ್ಭಾಗ ತೆಗೆದು, ಎಲುಬನ್ನು ಡ್ರಿಲ್ ಮಾಡಿ, ಎರಡೂ ಬದಿಗೆ ಸೇರಿ ಒಂದೇ ದೊಡ್ಡ ಬಾಗಿಲು. ಮತ್ತೆ ಮತ್ತೆ ಮುಚ್ಚಿಕೊಂಡ ಸೈನಸ್‌ಗೆ, ಕೆಲವು ಗಡ್ಡೆಗಳಿಗೆ ಇದು ಬೇಕಾಗುತ್ತದೆ. ಅಂಥವರನ್ನು ನಾನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸುತ್ತೇನೆ.

ಮೊದಲ ಆಪರೇಷನ್ನೇ ಸರಿಯಾಗಿ ಆಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಬಾಯಿಯ ಸುತ್ತಲಿನ ಪೊರೆಯನ್ನು ಕಿತ್ತು ಹಾಕಿದರೆ ಗಾಯ ಮುದುಡಿ ದಾರಿ ಮೊದಲಿಗಿಂತಲೂ ಬಿಗಿಯಾಗಿ ಮುಚ್ಚುತ್ತದೆ. ಅರೆಬರೆ ಕೆಲಸಕ್ಕಿಂತ ಮುಟ್ಟದೇ ಇರುವುದು ಎಷ್ಟೋ ಮೇಲು. ತಲೆನೋವೆಲ್ಲ ಸೈನಸ್ ಅಲ್ಲ ಅನ್ನುವುದೂ ನೆನಪಿರಲಿ. ಮೂಗು ಶುದ್ಧವಾಗಿದ್ದು, ಸ್ಕ್ಯಾನ್‌ನಲ್ಲೂ ಏನೂ ಇಲ್ಲದಿದ್ದರೆ ಹೆಚ್ಚಾಗಿ ಅದು ಮೈಗ್ರೇನ್. ಅದಕ್ಕೆ ಸುಮ್ನೆ ಆಪರೇಷನ್ ಮಾಡಿಸಿಕೊಳ್ಳಬೇಡಿ. ನಿಜವಾದ ಸೈನಸ್ ಆದರೂ ಮೊದಲು ಸ್ಪ್ರೇ, ಉಪ್ಪುನೀರು, ಔಷಧಿ.

ಆದರೆ ಜ್ವರದ ಜೊತೆ ಕಣ್ಣಿನ ರೆಪ್ಪೆ ಊದಿದರೆ, ಒಂದು ವಸ್ತು ಎರಡಾಗಿ ಕಂಡರೆ, ಹಣೆ ಮೆತ್ತಗೆ ಉಬ್ಬಿದರೆ, ಮಂಪರು ಬಂದರೆ ಅವತ್ತೇ ಹೊರಡಿ. ಮಳೆ ನಿಲ್ಲಲಿ, ಘಟ್ಟದ ರಸ್ತೆ ಸರಿಯಾಗಲಿ ಅಂತ ಕಾಯಬೇಡಿ. ಕೀವು ಕಣ್ಣಿಗೂ ಮಿದುಳಿಗೂ ದಾಟಬಹುದು.

ಆ ಮಹಿಳೆಯ ಸೈನಸ್‌ನಲ್ಲಿ ವರ್ಷಗಟ್ಟಲೆ ಕಫ ಕಟ್ಟಿ ಚೀಲವಾಗಿತ್ತು. ಅದರ ಒತ್ತಡಕ್ಕೆ ಕಣ್ಣಿನ ಮೇಲಿನ ಎಲುಬು ಸವೆದುಹೋಗಿತ್ತು. ಚೀಲದ ಬಾಯಿ ತೆರೆದಾಗ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಪೊರೆಯನ್ನು ಮುಟ್ಟದೆ ಹಾಗೇ ಬಿಟ್ಟೆ.

ಆಮೇಲಿನ ಕೆಲಸದಲ್ಲಿ ಅರ್ಧ ಪಾಲು ಅವರದು. ಅರ್ಧ ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು ಹಾಕಿ ದಿನಾ ಮೂಗು ತೊಳೆಯಬೇಕು. ನೀರು ಕುದಿಸಿ ಆರಿಸಿದ್ದೇ ಆಗಬೇಕು. "ನಮ್ಮ ಬಾವಿ ನೀರು ಕನ್ನಡಿ ಹಾಗಿದೆ" ಅಂದರು. ಆದರೂ ಕುದಿಸಿ ಅಂದೆ. ಮೊದಲ ವಾರಗಳಲ್ಲಿ ಬಸ್ಸು ಹಿಡಿದು ಬಂದು ಒಳಗಿನ ಹಕ್ಕಳೆ ತೆಗೆಸಿಕೊಂಡು ಹೋದರು, ಒಂದು ಸಲವೂ ತಪ್ಪಿಸಲಿಲ್ಲ. ಕನ್ನಡಕ ಈಗ ನೆಟ್ಟಗೆ ಕಾಣುತ್ತದೆ. ಆದರೂ ವರ್ಷಕ್ಕೊಮ್ಮೆ ಕರೆದು ನೋಡುತ್ತೇನೆ. ಸೈನಸ್‌ನ ಈ ಬಾಯಿ ಎಷ್ಟೋ ವರ್ಷಗಳ ನಂತರವೂ ಮುಚ್ಚಿಕೊಳ್ಳಬಹುದು.