ಆಫೀಸಿನ ಕಿಟಕಿ ಏಳೂವರೆವರೆಗೆ ತೆರೆದಿರಲಿ

ಪ್ರತಿ ಜೂನ್‌ನಲ್ಲಿ ಮುಂಬೈಯ ಯಾವುದಾದರೂ ಕಾಲೇಜಿನವರು ಸಲಹೆಗೆ ಕರೆಯುತ್ತಾರೆ. "ಮೇಡಂ, ಸಂಜೆ ಬ್ಯಾಚು ದೀಪಾವಳಿ ಹೊತ್ತಿಗೆ ಅರ್ಧ ಖಾಲಿ. ಹೊಸ ಕೋರ್ಸ್ ಯಾವುದು ಹಾಕೋಣ?" ಕೋರ್ಸ್ ಆಮೇಲೆ, ನಿಮ್ಮ ಆಫೀಸು ಎಷ್ಟಕ್ಕೆ ಮುಚ್ಚುತ್ತೆ ಹೇಳಿ ಅನ್ನುತ್ತೇನೆ. ಐದಕ್ಕೆ ಅನ್ನುತ್ತಾರೆ. ಕ್ಲಾಸು ಶುರುವಾಗುವುದೇ ಆರೂವರೆಗೆ!

ನಾನು ಪಾಠ ಮಾಡುತ್ತಿದ್ದ ಬ್ಯಾಚಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಇದ್ದ. ಮಾಟುಂಗದ ಹೋಟೆಲಿನಲ್ಲಿ ಕೆಲಸ. ಲೋಕಲ್ ಪಾಸಿಗೆ ವಿದ್ಯಾರ್ಥಿ ರಿಯಾಯಿತಿ ಸಿಗಬೇಕಾದರೆ ಕಾಲೇಜಿನ ಸಹಿ, ಮೊಹರು ಇರುವ ಫಾರ್ಮ್ ಬೇಕು. ಅದನ್ನು ಕೊಡುವ ಕಿಟಕಿ ಹನ್ನೊಂದರಿಂದ ಮೂರರವರೆಗೆ ಮಾತ್ರ. ಹೋಟೆಲಿನಲ್ಲಿ ಅದೇ ಊಟದ ಹೊತ್ತು. ಒಂದು ದಿನ ರಜೆ ಹಾಕಿ ಬಂದ, ಪಗಾರ ಹೋಯಿತು. ಗುಮಾಸ್ತರು ಸೀಟಿನಲ್ಲಿಲ್ಲ, ನಾಳೆ ಬಾ ಅಂದರಂತೆ. ಆಮೇಲೆ ಅವನು ಕ್ಲಾಸಿಗೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಯಾರೋ ಕೆಂಪು ಶಾಯಿಯಲ್ಲಿ 'ಆಸಕ್ತಿ ಇಲ್ಲ' ಎಂದು ಬರೆದಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹಬೆಯಲ್ಲಿ ನಿಂತು, ಜುಲೈ ಮಳೆಯಲ್ಲೂ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದವನು ಅವನು. ಆ ಎರಡು ಶಬ್ದ ನೋಡಿದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ಆದರೆ ನಾನು ಕಂಡ ಮಟ್ಟಿಗೆ, ಅರ್ಧಕ್ಕೆ ಬಿಟ್ಟವರಲ್ಲಿ ಜಾಸ್ತಿ ಜನರದ್ದು ಪಾಳಿ ಬದಲಾಗಿರುತ್ತದೆ. ಇಲ್ಲವೇ ಅಮ್ಮನಿಗೆ ಹುಷಾರಿಲ್ಲ ಅಂತ ಎರಡು ತಿಂಗಳು ಊರಿಗೆ ಹೋಗಿರುತ್ತಾರೆ. ಇದನ್ನು ಹೇಳಿದರೆ, "ಹಾಗಾದರೆ ಭಾನುವಾರ ಕ್ಲಾಸ್ ಇಡೋಣ" ಅನ್ನುತ್ತಾರೆ. ಹೋಟೆಲಿನ ಹುಡುಗರಿಗೆ ಭಾನುವಾರವೇ ಕೈತುಂಬ ಕೆಲಸ, ಅಲ್ವಾ? ಆಸ್ಪತ್ರೆಯ ಆಯಾಗಳಿಗೆ ರಾತ್ರಿ ಡ್ಯೂಟಿ. ಸುಮ್ನೆ ಊಹಿಸಬೇಡಿ, ಅವರನ್ನೇ ಕೇಳಿ. ಕೇಳಿದ ಮೇಲೆ ಒಂದೇ ಪಾಠವನ್ನು ವಾರದಲ್ಲಿ ಎರಡು ಹೊತ್ತು ಇಡಿ, ಯಾವುದಕ್ಕೆ ಬಂದರೂ ಹಾಜರಿ ಕೊಡಿ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2013ರಲ್ಲಿ ಕೆಲಸಕ್ಕೆ ಬೇಕಾದ ಕೌಶಲ ಕಲಿಸುವ ಸಮುದಾಯ ಕಾಲೇಜಿನ ಯೋಜನೆ ತಂದಾಗಲೇ ಬಿಟ್ಟು ಮತ್ತೆ ಸೇರುವ ಅನುಕೂಲದ ಮಾತಿತ್ತು. 2020ರ ಶಿಕ್ಷಣ ನೀತಿಯಲ್ಲಿ ಪದವಿಯ ಒಂದು ವರ್ಷ ಮುಗಿಸಿದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ. ಗಳಿಸಿದ ಕ್ರೆಡಿಟ್‌ಗಳು, ಅಂದರೆ ಮುಗಿಸಿದ ಪಾಠಗಳ ಲೆಕ್ಕ, 2021ರಲ್ಲಿ ಬಂದ ಕ್ರೆಡಿಟ್ ಬ್ಯಾಂಕ್ ಎಂಬ ಆನ್‌ಲೈನ್ ಖಾತೆಯಲ್ಲಿ ಹೆಚ್ಚೆಂದರೆ 7 ವರ್ಷ ಉಳಿಯುತ್ತವೆ. ಕೋರ್ಸಿಗೊಂದು ನಿಯಮ ಇರುತ್ತದೆ, ವಿಶ್ವವಿದ್ಯಾಲಯದಲ್ಲಿ ವಿಚಾರಿಸಿಕೊಳ್ಳಬೇಕು. ಆದರೆ ಬಿಟ್ಟು ಹೋಗುವ ಮಗುವಿಗೆ ಇಷ್ಟನ್ನಾದರೂ ಕೂರಿಸಿ ಹೇಳುವವರು ಬೇಕಲ್ಲ? ಎಲ್ಲ ಮುಗಿಯಿತು ಅಂದುಕೊಂಡೇ ಅವರು ಮೆಟ್ಟಿಲು ಇಳಿಯುತ್ತಾರೆ.

ಹೊಸ ಕಟ್ಟಡ, ಹೊಸ ಕಂಪ್ಯೂಟರ್ ನಿಧಾನಕ್ಕೆ ಬರಲಿ. ವಾರಕ್ಕೆ ಎರಡು ದಿನ ಒಬ್ಬ ಗುಮಾಸ್ತರು ಮಧ್ಯಾಹ್ನ ಬಂದು ರಾತ್ರಿ ಏಳೂವರೆವರೆಗೆ ಕೂರಲಿ. ಮತ್ತೆ ಈ ವರ್ಷದ ಪ್ರವೇಶ ಅರ್ಜಿಯಲ್ಲಿ, ತಂದೆಯ ಹೆಸರಿನ ಕೆಳಗೆ, ಒಂದು ಸಾಲು ಸೇರಿಸಿ: ನಿಮ್ಮ ಡ್ಯೂಟಿ ಎಷ್ಟರಿಂದ ಎಷ್ಟರವರೆಗೆ, ವಾರದ ರಜೆ ಯಾವತ್ತು?